ವಿಭೂತಿ ಹಚ್ಚಿದ ಗಾಲಿ

ನಾನು ಒಂದು ಸೈಕಲ್ ಗಾಲಿ. ಹುಲ್ಲಿನ ಹೊರೆ ಹೊರುವ ಸೈಕಲ್ಲಿನದಲ್ಲ. ರೇಸ್ ಸೈಕಲ್ಲಿನ ಮುಂದಿನ ಗಾಲಿ. ಈ ಮಾತಿನಲ್ಲಿ ಜಂಬವಿದೆ ಅನ್ನಿಸಿದರೆ, ಹೌದು, ಇದೆ. ಯಾವುದೋ ದೂರದ ಕಾರ್ಖಾನೆಯಲ್ಲಿ ನನ್ನ ಕಪ್ಪು ರಿಮ್ಮನ್ನು ಬಳೆಯಂತೆ ಬಾಗಿಸಿದರು. ಜೀವ ಬಂದದ್ದು ಮಾತ್ರ ವಿಜಯಪುರದಲ್ಲಿ, ಸೈಕಲ್ ಮಿಸ್ತ್ರಿ ದಸ್ತಗೀರಸಾಬನ ತೊಡೆಯ ಮೇಲೆ. ಅವನು ಇಪ್ಪತ್ತು ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಬೆರಳಿನಿಂದ ಮೀಟಿ, ಕಣ್ಣು ಮುಚ್ಚಿ ಕೇಳಿದ. ಎಲ್ಲವೂ ಒಂದೇ ದನಿಯಲ್ಲಿ ನುಡಿದಾಗ, "ಮಾತಾಡ್ತದ ನೋಡ್ರಿ ಇದು" ಎಂದು ನಕ್ಕ. ಆ ಮಾತು ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ನನ್ನನ್ನು ಕೊಂಡವನು ರಾಚಯ್ಯ. ಬೆಳಗಿನ ಐದೂವರೆಗೆ ಅವನು ಸೈಕಲ್ ಹತ್ತಿದರೆ ಊರಿನ ಕೋಳಿಗಳು ಆಮೇಲೆ ಏಳುತ್ತಿದ್ದವು. ಎರಡು ವರ್ಷ ನಾವು ಜೊತೆಯಾಗಿ ಓಡಿದೆವು. ಮೂರನೆಯ ವರ್ಷ ನನ್ನ ರಿಮ್ಮಿನಲ್ಲಿ, ಒಂದು ಕಡ್ಡಿಯ ಬುಡದ ಬಳಿ, ಕೂದಲೆಳೆಯಷ್ಟು ಸೀಳು ಬಿಟ್ಟಿತು. ಪ್ರತಿ ಸುತ್ತಿಗೂ ಟಿಕ್ ಎನ್ನತೊಡಗಿದೆ.

ಅಷ್ಟರಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ರಾಚಯ್ಯನ ತಾಯಿ ಗುರುಬಾಯಿ ಸೈಕಲ್ಲಿಗೆ ನೀರು ಚಿಮುಕಿಸಿ, ಹೂವಿಟ್ಟು, ನನ್ನ ರಿಮ್ಮಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಇಷ್ಟು ದೊಡ್ಡ ಸುತ್ತಿನಲ್ಲಿ ಅವಳ ಬೆರಳು ಬಿದ್ದದ್ದು ಸರಿಯಾಗಿ ಆ ಸೀಳಿನ ಮೇಲೆ. ಸಂಜೆ ರಾಚಯ್ಯ ನನ್ನನ್ನು ತಿರುಗಿಸಿ ಕಿವಿಗೊಟ್ಟ. ಒದ್ದೆ ಬಟ್ಟೆ ಹಿಡಿದು ಬಂದ, ವಿಭೂತಿ ನೋಡಿ ಕೈ ಹಿಂದಕ್ಕೆ ತೆಗೆದ.

"ಅವ್ವ ಹಚ್ಚ್ಯಾಳ, ಒರಸೂದು ಬ್ಯಾಡ. ರೇಸ್ ಮುಗೀಲಿ, ನೋಡೂನು" ಎಂದ.

ರೇಸ್ ಅವನಿಗೆ ಮುಗಿಯಲಿಲ್ಲ. ಇಳಿಜಾರಿನ ತಿರುವಿನಲ್ಲಿ ಸೀಳು ಬಾಯ್ತೆರೆಯಿತು, ನಾನು ಸೊಟ್ಟಗಾಗಿ ನನ್ನನ್ನು ಹಿಡಿದಿದ್ದ ಫೋರ್ಕಿಗೆ ಬಡಿದೆ. ಅವನು ಹಾರಿ ಕಲ್ಲಿನ ಮೇಲೆ ಬಿದ್ದ, ಮತ್ತೆ ಏಳಲಿಲ್ಲ. ನಾನು ಮರುಕ್ಷಣವೇ ಏನೂ ಅರಿಯದವನ ಹಾಗೆ ಮತ್ತೆ ದುಂಡಗಾದೆ. ನಾಯಿ ಅಡ್ಡ ಬಂತಂತೆ ಎಂದರು ಜನ. ಇಲ್ಲದ ನಾಯಿಯ ಮೇಲೆ ಹೊರಿಸಿ ಊರು ಸುಮ್ಮನಾಯಿತು. ತಪ್ಪು ನನ್ನದು, ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನನ್ನನ್ನೂ ಹಿಂದಿನ ಗಾಲಿಯನ್ನೂ ಗುರುಬಾಯಿ ನಡುಮನೆಯ ಗೋಡೆಗೆ ತೂಗುಹಾಕಿದಳು. ಅವನು ಹೋದ ಹನ್ನೊಂದನೆಯ ದಿನ ಬೆಳಿಗ್ಗೆ ಐದೂವರೆಗೆ ನಾನು ತಿರುಗಿದೆ.

ಕಿಟಕಿ ಮುಚ್ಚಿತ್ತು. ಫ್ಯಾನು ಇರಲಿಲ್ಲ. ಯಾರೋ ನಿಧಾನವಾಗಿ ತಿರುಗಿಸಿದಂತೆ ತಿರುಗಿ, ವಿಭೂತಿಯ ಗುರುತು ಗುರುಬಾಯಿಯ ಮುಖದ ನೇರಕ್ಕೆ ಬಂದಾಗ ನಿಂತೆ. ಅವಳು ಹೆದರಲಿಲ್ಲ. "ಬಂದ್ಯಾ ನನ್ನಪ್ಪಾ" ಎಂದು ಆ ಗುರುತಿನ ಮೇಲೆ ಮತ್ತೆ ವಿಭೂತಿ ಹಚ್ಚಿದಳು. ಹೆದರಿದವನು ನಾನು. ಏಕೆಂದರೆ ತಿರುಗಿಸಿದ ಬೆರಳುಗಳ ಪರಿಚಯ ನನಗಿತ್ತು. ಆಮೇಲೆ ದಿನವೂ ಅದೇ ಹೊತ್ತು, ಅದೇ ಜಾಗ. ಅವನು ತೋರಿಸುತ್ತಿದ್ದ, ಅವಳು ಮುಚ್ಚುತ್ತಿದ್ದಳು.

ಎರಡು ವರ್ಷದ ಮೇಲೆ ದಸ್ತಗೀರಸಾಬನ ಜೊತೆ ದಾನಮ್ಮ ಮನೆಗೆ ಬಂದಳು. ಹದಿನೇಳರ ಹುಡುಗಿ, ಎಂಟು ದಿನಕ್ಕೆ ರಾಜ್ಯ ತಂಡದ ಆಯ್ಕೆ ರೇಸು. ಅವಳ ಗಾಲಿಗಳು ಬಾಗಿಹೋಗಿದ್ದವು. ಅವನು ಅಂಗಡಿಯಿಂದ ತಂದಿದ್ದ ಒಂದು ಹೊಸ ಜೋಡಿಯನ್ನು ನಮ್ಮೆದುರು ಇಟ್ಟ. ಬೆಳ್ಳಿ ಬಣ್ಣದ, ದಪ್ಪ ಕಡ್ಡಿಯ, ಎಮ್ಮೆಯಂಥ ಗಾಲಿಗಳು. ನೋಡಿ ಒಳಗೊಳಗೇ ನಕ್ಕೆ.

"ನಿನ್ನ ಕೈಗೆ ನಿಲಕೂದು ಇವೆರಡ ಜೋಡಿ ನೋಡವಾ. ಹೊಸಾವು ಗಟ್ಟಿ, ಖರೆ ಏರಿನ್ಯಾಗ ಅಳಸ್ತಾವ. ರಾಚಯ್ಯಂದು ಹೂವಿನಂಗ ಹಗುರ" ಎಂದ.

ಅವನು ನನ್ನ ಕಡ್ಡಿಗಳನ್ನು ಮೀಟಿದ. ವಿಭೂತಿ ಇದ್ದಲ್ಲಿಗೆ ಬಂದಾಗ ಬೆರಳು ತಡೆದು, ಒಂದು ಕಡ್ಡಿ ಬಿಟ್ಟು ಮುಂದೆ ಹೋದ. ಇನ್ನೊಬ್ಬರ ಪೂಜೆಯ ಗುರುತು ಮುಟ್ಟುವ ಮನುಷ್ಯನಲ್ಲ ಅವನು.

"ತಗೊಂಡ್ ಹೋಗವಾ, ನನ್ನ ಮಗ ನಿನ್ನ ಜೋಡಿ ಓಡ್ತಾನ" ಎಂದಳು ಗುರುಬಾಯಿ. ದಾನಮ್ಮನ ಕಣ್ಣು ನನ್ನ ಮೇಲೆಯೇ ಇತ್ತು. "ನನಗ ಇವ ಬೇಕ್ರಿ" ಎಂದಳು.

ಹಿತ್ತಲಲ್ಲಿ ಸೈಕಲ್ಲಿಗೆ ನನ್ನನ್ನು ಜೋಡಿಸಿದರು. ದಾನಮ್ಮ ಪಂಪು ಹಿಡಿದು ಗಾಳಿ ತುಂಬತೊಡಗಿದಳು. ನನ್ನ ಸಂಕಟ ಯಾರಿಗೆ ಹೇಳಲಿ? ಸುಮ್ಮನಿದ್ದರೆ ಈ ಹುಡುಗಿಯೂ ಅದೇ ಇಳಿಜಾರಿನಲ್ಲಿ ಬೀಳುತ್ತಾಳೆ. ಬಾಯಿಬಿಟ್ಟರೆ ಈ ತಾಯಿಗೆ ತನ್ನ ಕೈಯ ವಿಭೂತಿಯ ಕೆಳಗೆ ಏನಿತ್ತೆಂದು ಗೊತ್ತಾಗುತ್ತದೆ. ಅತ್ತ ದರಿ ಇತ್ತ ಪುಲಿ. ಆಗ ರಿಮ್ಮಿನ ಮೇಲೆ, ಸೀಳಿನ ಎರಡು ಬದಿಗೆ, ಎರಡು ತಣ್ಣನೆಯ ಹೆಬ್ಬೆರಳುಗಳು ಒತ್ತಿ ಕೂತವು. ದಾನಮ್ಮನ ಎರಡೂ ಕೈ ಪಂಪಿನ ಮೇಲಿದ್ದವು.

ನಾನು ಬಿಗಿಹಿಡಿದ ಉಸಿರು ಬಿಟ್ಟೆ. ಢಂ ಎಂದು ರಿಮ್ಮು ಇಬ್ಭಾಗವಾಗಿ, ವಿಭೂತಿ ಪುಡಿಯಾಗಿ ಹಾರಿತು.

ದಸ್ತಗೀರಸಾಬ ಬಗ್ಗಿ ನೋಡಿದ. ಹೊಸದಾಗಿ ಮುರಿದ ಲೋಹದ ಹೊಳಪಿನ ಪಕ್ಕದಲ್ಲಿ ಹಳೆಯ ಸೀಳು ಮಾಸಿ ಕಪ್ಪಾಗಿತ್ತು. ಅದರ ತುಂಬ ಬೂದಿ ಕೂತಿತ್ತು. ಅವನು ತಲೆಯೆತ್ತಲಿಲ್ಲ. "ಇದು ಇವತ್ತಿಂದಲ್ಲ ಬಾಯಾರ" ಎಂದಷ್ಟೇ ಹೇಳಿದ.

ಗುರುಬಾಯಿ ಕೂತು ಸೀಳಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಇದನ್ನ ತೋರಸಾಕ ದಿನಾ ಬರ್ತಿದ್ಯಾ? ನಾ ದಿನಾ ಮುಚ್ಚಿದ್ನಲ್ಲೋ ಯಪ್ಪಾ" ಎಂದು ನನ್ನನ್ನು ತಬ್ಬಿಕೊಂಡಳು.

ದಾನಮ್ಮ ಎಮ್ಮೆ ಗಾಲಿಗಳಲ್ಲೇ ಹೋದಳು. ಹೊರಡುವ ಮುನ್ನ ಗುರುಬಾಯಿ ಅವುಗಳನ್ನು ಒದ್ದೆ ಬಟ್ಟೆಯಿಂದ ಸುತ್ತಲೂ ಒರೆಸಿ, ಒಂದೊಂದು ಕಡ್ಡಿಯ ಬುಡವನ್ನೂ ಉಗುರಿನಿಂದ ಗೀರಿ ನೋಡಿ, ವಿಭೂತಿಯನ್ನು ಹುಡುಗಿಯ ಹಣೆಗೆ ಹಚ್ಚಿದಳು. ಏರಿನಲ್ಲಿ ದಾನಮ್ಮ ಹಿಂದೆ ಬಿದ್ದಳಂತೆ, ಆಯ್ಕೆಯಾಗಲಿಲ್ಲವಂತೆ. ಸಂಜೆ ಮನೆಗೆ ಬಂದಳು. ನನಗೆ ಅಷ್ಟು ಸಾಕು.

ಗುಜರಿಗೆ ಹೋಗಬೇಕಾದ ನಾನು ಇನ್ನೂ ಅದೇ ಗೋಡೆಯ ಮೇಲಿದ್ದೇನೆ. ಬೆಳಗಿನ ಐದೂವರೆಗೆ ಗುರುಬಾಯಿ ಒದ್ದೆ ಬಟ್ಟೆ ಹಿಡಿದು ನನ್ನೆದುರು ಬಂದು ಕೂರುತ್ತಾಳೆ.

"ತಿರಗೋ ಯಪ್ಪಾ, ಈಗ ನೋಡ್ತೀನಿ" ಎನ್ನುತ್ತಾಳೆ.

ನಾನು ತಿರುಗುವುದಿಲ್ಲ.