ಸುಣ್ಣದ ಗೆರೆಯ ಗ್ರಂಥಾಲಯ

"ಈಗ ನೀವು ನಿಂತಿರೋದು ಮಕ್ಕಳ ವಿಭಾಗದಲ್ಲಿ, ಅಮ್ಮ. ಸ್ವಲ್ಪ ಈಚೆ ಬನ್ನಿ," ಎಂದರು ಎಂಜಿನಿಯರ್ ಓಂಕಾರಮೂರ್ತಿ.

ಕೆಂಚಕ್ಕ ಕಾಲಡಿ ನೋಡಿಕೊಂಡಳು. ಬರೀ ಮಣ್ಣು, ಅದರ ಮೇಲೆ ಸುಣ್ಣದ ಪುಡಿಯ ಗೆರೆ. ಚಳ್ಳಕೆರೆ ಪೇಟೆಯ ನಡುವೆ ಹಳೆ ಗೋದಾಮು ಕೆಡವಿದ ಜಾಗದಲ್ಲಿ ಹೊಸ ಗ್ರಂಥಾಲಯ ಬರಲಿತ್ತು. ಕಾಗದದ ನಕ್ಷೆ ಎಲ್ಲರಿಗೂ ತಿಳಿಯುವುದಿಲ್ಲ, ನೆಲದ ಮೇಲೇ ಎಳೆದು ತೋರಿಸೋಣ ಎಂದವರು ಗ್ರಂಥಪಾಲಕಿ ನಿರ್ಮಲಾ. ಓದುಗರೆಲ್ಲ ಬಂದು ಅಭಿಪ್ರಾಯ ಹೇಳಿ ಎಂದು ಚೀಟಿಯನ್ನೂ ಅಂಟಿಸಿದ್ದರು. ಓದುಗರ ಪೈಕಿ ಎಲ್ಲರಿಗಿಂತ ಮೊದಲು ಬಂದವಳು ಶೇಂಗಾ ಮಾರುವ ಕೆಂಚಕ್ಕ. ಅವಳಿಗೆ ಓದಲು ಬರುತ್ತಿರಲಿಲ್ಲ.

ಹಾಗೆಂದು ಅವಳು ಓದುಗರ ಪೈಕಿಯಲ್ಲ ಎನ್ನಲು ಪೇಟೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಬಾಡಿಗೆ ಕಟ್ಟಡದ ಹಳೆ ಗ್ರಂಥಾಲಯದ ಜಗಲಿಯಲ್ಲಿ ದಿನಾ ಬೆಳಿಗ್ಗೆ ತಿಪ್ಪೇರುದ್ರಪ್ಪ ಪೇಪರ್ ಓದುತ್ತಿದ್ದರು. ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಅದರ ಸದ್ದಿಗೆ ಕಿವಿ ಮಂದವಾಗಿತ್ತು. ಓದಿದ್ದು ತಮಗಾದರೂ ಕೇಳಬೇಕಲ್ಲ ಎಂದು ಗಟ್ಟಿಯಾಗಿ ಓದುತ್ತಿದ್ದರು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೆಂಚಕ್ಕ ಹನ್ನೆರಡು ವರ್ಷದಿಂದ ಕೇಳುತ್ತಿದ್ದಳು. ಒಂದು ಸಾಲು ಹಾರಿಸಿದರೂ ಅವಳಿಗೆ ಗೊತ್ತಾಗುತ್ತಿತ್ತು.

"ಸಾರ್, ಪೇಪರ್ ಓದೋದು ಎಲ್ಲಿ?" ಎಂದು ಕೇಳಿದಳು.

"ಇಲ್ಲಿ. ನಲವತ್ತು ಕುರ್ಚಿ, ಆರು ಫ್ಯಾನು."

"ಜೋರಾಗಿ ಓದಬೌದಾ?"

"ಸದ್ದು ಮಾಡೋ ಹಾಗೇ ಇಲ್ಲಮ್ಮ, ಇಡೀ ಕಟ್ಟಡದಲ್ಲಿ."

"ಮತ್ತೆ ನಾನೆಂಗೆ ಓದ್ಲಿ?"

ಓಂಕಾರಮೂರ್ತಿ ನಕ್ಕರು. ಕೆಂಚಕ್ಕ ನಗಲಿಲ್ಲ. ಇಷ್ಟು ದೊಡ್ಡ ಗ್ರಂಥಾಲಯ ಬಂದು ತನ್ನ ಓದೇ ನಿಂತುಹೋಗುತ್ತದಲ್ಲ ಎಂದು ಅವಳಿಗೆ ಚಿಂತೆ. ಗೆರೆಯಾಚೆ ಮುಂಭಾಗದಲ್ಲಿದ್ದ ಬೇವಿನ ಮರದ ಕಡೆ ಕೈ ತೋರಿಸಿದಳು.

"ಅಲ್ಲೊಂದು ಕಟ್ಟೆ ಹಾಕ್ಸಿ ಸಾರ್. ನಾವು ಅಲ್ಲೇ ಇರ್ತೀವಿ."

"ಅದು ಗಾಡಿ ನಿಲ್ಲಿಸೋ ಜಾಗ. ಅಲ್ಲದೆ ಅಲ್ಲಿ ಓದಿದ್ರೆ ಒಳಗೂ ಕೇಳುತ್ತೆ."

"ಕೇಳಲ್ಲ ಬಿಡ್ರಿ."

"ಕೇಳುತ್ತಮ್ಮ."

"ಒಂದ್ಸಲ ನೋಡೇ ಬಿಡೋಣ ಸಾರ್," ಎಂದರು ನಿರ್ಮಲಾ ನಗು ತಡೆದುಕೊಂಡು.

ಪೇಪರ್ ಹಿಡಿದು ಆಗಷ್ಟೇ ಬಂದ ತಿಪ್ಪೇರುದ್ರಪ್ಪ, ಕೆಂಚಕ್ಕ ಕೈಬೀಸಿ ಕರೆದಂತೆ, ಬೇವಿನ ಬುಡದ ಕಲ್ಲಿನ ಮೇಲೆ ಕೂತು ಅದನ್ನು ಬಿಡಿಸಿದರು. ಕೆಂಚಕ್ಕ ಪಕ್ಕದಲ್ಲಿ ಕೂತಳು. ಓಂಕಾರಮೂರ್ತಿ ಗೆರೆ ತುಳಿಯದೆ, ಬಾಗಿಲಿಗೆಂದು ಬಿಟ್ಟ ಜಾಗದಿಂದಲೇ ವಾಚನಾಲಯದೊಳಗೆ ಹೋಗಿ ಕೈಕಟ್ಟಿ ನಿಂತರು.

"ನನ್ನಿವಾಳ ಗ್ರಾಮದ ಬಳಿ ಒಂದೇ ಟಗರನ್ನು ಇಬ್ಬರು ತಮ್ಮದೆಂದು ವಾದಿಸಿದ್ದು, ಬಿಟ್ಟರೆ ಅದು ಯಾರ ಮನೆಗೆ ಹೋಗುವುದೋ ಅವರಿಗೇ ಸೇರತಕ್ಕದ್ದೆಂದು ಹಿರಿಯರು ತೀರ್ಮಾನಿಸಿದರು. ಅದರಂತೆ ನಿನ್ನೆ ಊರ ಮುಂದೆ ಹಗ್ಗ ಬಿಚ್ಚಲಾಯಿತು..."

"ಒಂದಕ್ಷರ ಬಿಡದೆ ಕೇಳ್ತಿದೆ," ಎಂದು ಎಂಜಿನಿಯರ್ ಒಳಗಿನಿಂದ ಕೂಗಿದರು.

"ಗೋಡೆನೇ ಎದ್ದಿಲ್ಲ, ಕೇಳ್ದೆ ಇನ್ನೇನು," ಎಂದಳು ಕೆಂಚಕ್ಕ.

ಅಷ್ಟರಲ್ಲಿ ತಿಪ್ಪೇರುದ್ರಪ್ಪ ಓದು ನಿಲ್ಲಿಸಿ ಪಂಚೆಯ ತುದಿಯಿಂದ ಕನ್ನಡಕ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

"ಆಮೇಲೆ?" ಎಂದರು ಓಂಕಾರಮೂರ್ತಿ.

ತಿಪ್ಪೇರುದ್ರಪ್ಪನವರಿಗೆ ಕೇಳಿಸಲಿಲ್ಲ.

"ಯಾರ ಮನೆಗೆ ಹೋಯ್ತಂತೆ ರೀ?"

ಅದೂ ಕೇಳಿಸಲಿಲ್ಲ. ಓಂಕಾರಮೂರ್ತಿ ಬಾಗಿಲು ಮರೆತು, ಗೋಡೆಯ ಮೇಲೇ ನಡೆದು ಬಂದು ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತರು. ಶೂ ತುಂಬ ಸುಣ್ಣ.

"ಆರನೇ ಪುಟ ನೋಡಿ ಅಂತ ಐತೆ," ಎಂದು ತಿಪ್ಪೇರುದ್ರಪ್ಪ ಹಾಳೆ ತಿರುಗಿಸಿದರು. "ಇಬ್ಬರ ಮನೆಯನ್ನೂ ದಾಟಿದ ಟಗರು ಮೂರನೆಯವರ ಹಿತ್ತಲಿಗೆ ನುಗ್ಗಿ ಮೇಯತೊಡಗಿದ್ದು, ಈಗ ಅವರೂ ತಮ್ಮದೇ ಎನ್ನುತ್ತಿದ್ದಾರೆ."

ಓಂಕಾರಮೂರ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಂಚಕ್ಕ ಅವರ ಕೈಗೆ ಒಂದು ಹಿಡಿ ಶೇಂಗಾ ಹಾಕಿದಳು. ಸುಲಿದು ತಿನ್ನುತ್ತ ಅವರು ನಕ್ಷೆ ನೋಡಿದರು, ಮರ ನೋಡಿದರು, ಕಟ್ಟಡದ ಗೆರೆಗಳ ಹಿಂದೆ ಖಾಲಿಯಿದ್ದ ಜಾಗವನ್ನೂ ನೋಡಿದರು.

"ಗಾಡಿಗಳು ಹಿಂದೆ ನಿಲ್ಲಲಿ ಬಿಡಿ ಮೇಡಂ. ಗಾದ್ರಪ್ಪ, ಸುಣ್ಣ ಉಳಿದಿದೆಯಾ?"

ಗೆರೆ ಎಳೆಯುವ ಗಾದ್ರಪ್ಪ ಬಾಣಲಿ ಹಿಡಿದು ಬಂದ. "ಏಳ್ರಿ ಎಲ್ರೂ, ಗೆರೆ ಹಾಕ್ಬೇಕು."

"ಏಳೋದು ಬೇಡ. ಕೂತ ಹಾಗೇ ಸುತ್ತಲೂ ಹಾಕು," ಎಂದರು ಓಂಕಾರಮೂರ್ತಿ.

ಗಾದ್ರಪ್ಪ ಬೇವಿನ ಮರ ಸುತ್ತಿ ಬಂದ. ತಿಪ್ಪೇರುದ್ರಪ್ಪ ಕಾಲೆತ್ತಿ ದಾರಿ ಬಿಟ್ಟು, ಮಾರುಕಟ್ಟೆ ಧಾರಣೆ ಓದುತ್ತಲೇ ಇದ್ದರು. ಗೆರೆ ಗೆರೆಗೆ ಕೂಡಿದಾಗ ಕೆಂಚಕ್ಕನ ಬುಟ್ಟಿ ಹೊರಗೆ ಉಳಿದಿತ್ತು. ಅವಳು ಬಾಗಿ ಅದನ್ನು ಒಳಗೆ ಎಳೆದುಕೊಂಡಳು.