ಕೆಂಚವ್ವ ಬಿಟ್ಟ ಮಾತು

ಕೆಂಚವ್ವನ ತಲೆ ಮತ್ತೆ ವಾಲಿತು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದ ಹೆಣವನ್ನು ಸೊಸೆ ಮಂಜುಳಾ ನೆಟ್ಟಗೆ ಮಾಡಿ, ಹಣೆಯ ಪಟ್ಟಿ ಬಿಗಿದಳು.

"ಮಾವಾರ, ಅತ್ತಿ ಬಾಗಿಲ ಕಡೆನ ವಾಲಾಕ ಹತ್ಯಾರ."

ಕೆಂಚವ್ವನ ಗಂಡ ಸೋಮಪ್ಪನೂ ಬಾಗಿಲನ್ನೇ ನೋಡುತ್ತಿದ್ದ. "ಮಕ್ತುಮಸಾಬ ಬರೂತನಕ ಎತ್ತಬ್ಯಾಡ್ರಿ ಅಂತ ಹೇಳಿ ಹೋಗ್ಯಾಳ."

"ನಮ್ಮವ್ವನ ಮಣ್ಣಿಗೆ ಅವರು ಯಾಕಪಾ?" ಮಗ ವಿರೂಪಾಕ್ಷ ಸಿಡುಕಿದ. "ಊರ ಬಿಟ್ಟು ಹತ್ತ ವರ್ಷ ಆತು. ಅವರು ಬರೂದಿಲ್ಲ."

ತಲೆ ವಾಲಿತು. ಭಜನೆಯ ತಾಳ ನಿಂತಿತು.

"ಅಯ್ಯ ಶಿವನ! ಆ ಮಾತ ಅನ್ನಬ್ಯಾಡೋ ತಮ್ಮಾ," ನೆರೆಮನೆಯ ಸೀತವ್ವ ಪಿಸುಗುಟ್ಟಿದಳು. "ಅಂದಾಗೊಮ್ಮೆ ವಾಲತಾಳ, ನೋಡಾಕ ಹತ್ತೇನಿ ನಾ."

*

ತೊಂಬತ್ತೆರಡರ ಡಿಸೆಂಬರ್, ಗಲಭೆಯ ದಿನಗಳು. ಹಿತ್ತಲ ಕೋಲಿಯಲ್ಲಿ ಗಾದಿ ಹೊಲಿಯುವ ಮಕ್ತುಮಸಾಬ ತಾಯಿಯೊಡನೆ ಬಾಡಿಗೆಗಿದ್ದ. ಅಂದು ಹತ್ತಿ ತರಲು ಸವದತ್ತಿಗೆ ಹೋಗಿದ್ದ. ಟ್ರ್ಯಾಕ್ಟರಿನಿಂದ ಇಳಿದ ಪರವೂರ ಹುಡುಗರು ಕೆಂಚವ್ವನನ್ನು ಕೇಳಿದರು: "ಈ ಕೋಲಿ ಯಾರದಬೇ?"

ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಂತೆ. ಕೆಂಚವ್ವ ಎಂದೂ ಹಿಡಿದವಳಲ್ಲ. ಸೆರಗು ಸರಿಮಾಡಿಕೊಂಡು ಅಂದಳು: "ಅವರದರಿ."

ಅವಳು ಹೇಳಿದ್ದು ಗಂಡನದೆಂದು. ಹುಡುಗರು ಕೇಳಿಸಿಕೊಂಡದ್ದು ಸಾಬರದೆಂದು. ಕೋಲಿಗೆ ಬೆಂಕಿ ಇಟ್ಟರು. ನಡೆಯಲಾರದ ಮುದುಕಿ, ಮಕ್ತುಮಸಾಬನ ತಾಯಿ ಬೀಬಿಜಾನ, ಒಳಗೇ ಸುಟ್ಟುಹೋದಳು; ಅವನು ಊರು ಬಿಟ್ಟ.

ಮರುದಿನದಿಂದ ಕೆಂಚವ್ವ 'ಅವರು' ಎಂಬ ಮಾತನ್ನೇ ಬಿಟ್ಟಳು. "ಸೋಮಪ್ಪಾರ, ಉಣ್ಣಾಕ ಬರ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕರೆಯತೊಡಗಿದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. "ಹೆಸರ ಹಿಡದಷ್ಟೂ ಗಟ್ಟಿ ಆಗಾಕ ಹತ್ತೇನಿ," ಎನ್ನುತ್ತಿದ್ದ ಸೋಮಪ್ಪ. ಕಟ್ಟೆಯ ಮೇಲೆ ಯಾರಾದರೂ 'ಅವರು ಹಿಂಗ, ಅವರು ಹಂಗ' ಎಂದರೆ ಸಾಕು, ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಯಾರು? ಹೆಸರ ಹೇಳು."

*

ಹೊತ್ತು ಇಳಿಯುವಾಗ ಹೊಸ್ತಿಲಲ್ಲಿ ಒಬ್ಬ ಮುದುಕ ನಿಂತ. ಬಗಲಲ್ಲಿ ಹತ್ತಿಯ ಗಂಟು.

"ಯಾರ ಬಂದಾರ?" ಒಳಗಿನಿಂದ ಸೀತವ್ವ ಕೇಳಿದಳು.

ವಿರೂಪಾಕ್ಷ ಬಾಯಿ ತೆರೆದವನು ತಾಯಿಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. "ಮಕ್ತುಮಸಾಬ ಕಾಕಾ," ಎಂದ.

ಸೋಮಪ್ಪ ಕೈಮುಗಿದ. "ತಪ್ಪಾತು ಅಂತ ನಿನಗ ಹೇಳಂದಿದ್ಳು."

"ಹೇಳಿದ್ರ ನಮ್ಮವ್ವ ಎದ್ದ ಬರತಾಳೇನ್ರಿ?"

ಮಕ್ತುಮಸಾಬ ಕೆಂಚವ್ವನ ಮುಂದೆ ಮೊಣಕಾಲೂರಿ ಕುಳಿತು ಬಹಳ ಹೊತ್ತು ಅವಳ ಮುಖ ನೋಡಿದ. ಗಂಟು ಬಿಚ್ಚಿ ಎರಡು ಚಿಟಿಕೆ ಹತ್ತಿ ಕಿತ್ತ. ಬೆರಳಲ್ಲಿ ಹಿಂಜಿ, ಉಂಡೆ ಮಾಡಿ, ಅವಳ ಎರಡೂ ಕಿವಿಗಳಿಗೆ ಇಟ್ಟ.

"ಸಾಕಬೇ ಅಕ್ಕಾ. ಇನ್ನ ಕೇಳಬ್ಯಾಡ."

ವಾಲಿದ್ದ ತಲೆಯನ್ನು ನೆಟ್ಟಗೆ ಮಾಡಿ ಕೈಬಿಟ್ಟ.

ಆಗಲೇ ಹೊರಗೆ ಕಟ್ಟೆಯ ಮೇಲೆ ಯಾರೋ ಅಂದರು: "ಅವರು ಬಂದಾರಂತ, ನೋಡ್ರಿ!"

ಕೆಂಚವ್ವ ಅಲುಗಲಿಲ್ಲ. ಸುತ್ತ ಕುಳಿತವರ ತಲೆಗಳೆಲ್ಲ ಒಮ್ಮೆಲೇ ಬಾಗಿಲ ಕಡೆ ವಾಲಿದವು.