ಟೈಲರ್ ಮನೆಯ ಎರಡು ಕಾಯಿಲೆ

ಕುಡುಕನ ಮನೆ ಕಥೆ ಯಾರಿಗೆ ಗೊತ್ತಿಲ್ಲ ಹೇಳಿ? ಬೀದಿಗೊಂದು ಇದ್ದೇ ಇರುತ್ತದೆ. ನಮ್ಮ ಬೀದಿಯಲ್ಲಿ ಅದು ಟೈಲರ್ ಮನೆ. ಆದರೆ ನಾನು ಹೇಳಹೊರಟಿದ್ದು ಅವನು ಕುಡಿಯುತ್ತಿದ್ದಾಗಿನ ಕಥೆಯಲ್ಲ, ಕುಡಿತ ಬಿಟ್ಟ ಮೇಲೆ ಆದದ್ದು.

ನನ್ನದು ಇಸ್ತ್ರಿ ಅಂಗಡಿ. ಎದುರಿಗೇ ಟೈಲರ್ ಅಂಗಡಿ, ಅದರ ಹಿಂದೆ ಅವರ ಮನೆ. ಅವನು ಹೊಲಿದದ್ದನ್ನು ನಾನು ಇಸ್ತ್ರಿ ಮಾಡಿ ಕೊಡುತ್ತೇನೆ. ಆ ಮನೆಯಲ್ಲಿ ಚಮಚ ಬಿದ್ದರೂ ನನಗೆ ಕೇಳಿಸುತ್ತದೆ.

ಹೋದ ವರ್ಷ ಅವನನ್ನು ಆಸ್ಪತ್ರೆಗೆ ಸೇರಿಸಿ ಕುಡಿತ ಬಿಡಿಸಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಎರಡು ಕಾಯಿಲೆಯ ಹೆಸರು ಹೇಳಿದ್ದರು. ಒಂದು, ಕುಡಿತದ ಚಟ. ಇನ್ನೊಂದು, ಬೈಪೋಲಾರ್ ಅನ್ನುವ ಮನಸ್ಸಿನ ಕಾಯಿಲೆ. ಅದರಲ್ಲಿ ಕೆಲವು ಕಾಲ ಮನಸ್ಸು ಹದ್ದುಮೀರಿ ಏರುತ್ತದೆ, ಕೆಲವು ಕಾಲ ಪಾತಾಳಕ್ಕೆ ಇಳಿಯುತ್ತದೆ. ಅದಕ್ಕೆ ದಿನಾ ಮಾತ್ರೆ ತೆಗೆದುಕೊಳ್ಳಬೇಕು. ಮನೆಯವರು ಮನಸ್ಸಿಗೆ ಹಾಕಿಕೊಂಡದ್ದು ಮೊದಲನೆಯದನ್ನು ಮಾತ್ರ.

"ಕುಡಿತ ಬಿಟ್ಟಾಯ್ತಲ್ಲ, ಇನ್ನು ಮಾತ್ರೆ ಯಾಕೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ?" ಅಂದರು ಟೈಲರ್ ತಾಯಿ. ಬೀದಿಗೆಲ್ಲ ಅವರು ದೊಡ್ಡಮ್ಮ.

"ಅತ್ತೆ, ನಿಲ್ಲಿಸಲೇಬೇಡಿ ಅಂತ ಡಾಕ್ಟರಮ್ಮ ಹೇಳಿದ್ರು," ಅಂದಳು ಸೊಸೆ.

"ಅವರಿಗೇನು, ಹೇಳ್ತಾರೆ. ಮಾತ್ರೆ ನುಂಗಿದ್ರೆ ಇವನ ಕೈ ನಡುಗುತ್ತೆ. ಸೂಜಿಗೆ ದಾರ ಪೋಣಿಸೋಕೂ ಆಗ್ತಿಲ್ಲ. ಟೈಲರ್ ಕೈ ನಡುಗಿದ್ರೆ ಮನೆ ನಡೆಯುತ್ತೇನೇ?"

ಅದು ಸುಳ್ಳಲ್ಲ. ಅವನ ಕೈ ಸ್ವಲ್ಪ ನಡುಗುತ್ತಿತ್ತು. ಡಾಕ್ಟರಿಗೆ ಹೇಳಿದ್ದರೆ ಮಾತ್ರೆ ಬದಲಿಸುತ್ತಿದ್ದರೋ, ಪ್ರಮಾಣ ಸರಿಮಾಡುತ್ತಿದ್ದರೋ. ಇವರು ಹೇಳಲಿಲ್ಲ, ಮಾತ್ರೆಯನ್ನೇ ನಿಲ್ಲಿಸಿದರು.

ಕೈ ನಡುಕ ನಿಂತಿತು. ದೊಡ್ಡಮ್ಮನಿಗೆ ಗೆದ್ದ ಖುಷಿ. ಶಾಲೆ ಶುರುವಾಗುವ ಕಾಲ, ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಬಂದಿತ್ತು. ಟೈಲರ್ ಮಿಷನ್ ಬಿಟ್ಟು ಏಳುತ್ತಲೇ ಇರಲಿಲ್ಲ. ಊಟ ಬೇಡ, ನಿದ್ದೆ ಬೇಡ. ಹಾಡೇನು, ನಗುವೇನು! ಬೀದಿ ನಾಯಿ ಹಿಡಿದು ನಿಲ್ಲಿಸಿ ಅದಕ್ಕೂ ಅಳತೆ ತೆಗೆದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗದೇ ಇದ್ದವನು ಒಬ್ಬನೇ, ಪಕ್ಕದ ಕ್ಷೌರದಂಗಡಿಯವನು. ಬಾಯಿಗೆ ಬಿಡುವೇ ಇಲ್ಲದ ಮನುಷ್ಯ, ಅದಕ್ಕೇ ನಾವು ಅವನನ್ನು ಮಾತಿನಮಲ್ಲ ಅನ್ನುವುದು.

"ದೊಡ್ಡಮ್ಮ, ಇದು ಒಳ್ಳೇದಲ್ಲ," ಅಂದ ಅವನು. "ನಿದ್ದೆ ಇಲ್ಲದೇ ಇಷ್ಟು ಹುರುಪು ಯಾರಿಗಿರುತ್ತೆ? ಒಂದ್ಸಲ ಡಾಕ್ಟರಿಗೆ ತೋರಿಸಿ."

"ಹೊಟ್ಟೆಕಿಚ್ಚು ಕಣೋ ನಿನಗೆ. ನೀನು ನೊಣ ಹೊಡೀತಾ ಕೂತಿದ್ದೀಯ, ನನ್ನ ಮಗ ದುಡೀತಿದ್ದಾನೆ. ಹೋಗು, ಹೋಗು."

ಒಂದು ಬೆಳಿಗ್ಗೆ ಸೊಸೆ ಕಿರುಚಿದ್ದು ಕೇಳಿ ಓಡಿದೆ. ಅಂಗಡಿ ಬಾಗಿಲಲ್ಲೇ ನನ್ನ ಕಾಲು ನಿಂತುಹೋಯಿತು. ಸಮವಸ್ತ್ರದ ಬಟ್ಟೆಯನ್ನೆಲ್ಲ ಅವನು ಕತ್ತರಿಸಿ ಮುಗಿಸಿದ್ದ. ನೆಲದ ಮೇಲೆ, ಮಿಷನ್ ಮೇಲೆ, ಗೋಡೆಯ ಮೊಳೆಗೆ, ಎಲ್ಲಿ ನೋಡಿದರೂ ಅಂಗಿಯ ತೋಳು. ಬರೀ ತೋಳು. ಮೈ ಇಲ್ಲ, ಕಾಲರ್ ಇಲ್ಲ, ಜೇಬಿಲ್ಲ. ಬಟ್ಟೆ ಮುಗಿದ ಮೇಲೆ ಕಿಟಕಿಯ ಪರದೆ ಕಿತ್ತು ತೋಳು ಮಾಡಿದ್ದ, ಮಂಚದ ಹಾಸು ಎಳೆದು ತೋಳು ಮಾಡಿದ್ದ.

"ತೋಳೇ ಕಷ್ಟ ಅಕ್ಕಾ!" ಅಂದ ನನ್ನನ್ನು ನೋಡಿ. ಕಣ್ಣು ಕೆಂಡದ ಹಾಗಿತ್ತು. "ತೋಳು ಮುಗಿದ್ರೆ ಅಂಗಿ ತಾನಾಗೇ ಬರುತ್ತೆ. ಇನ್ಮೇಲೆ ಇಡೀ ದೇಶಕ್ಕೆ ನಾನೇ ಹೊಲಿಯೋದು!"

ದೊಡ್ಡಮ್ಮ ಮಗನ ಮುಖ ಹಿಡಿದು ಬಾಯಿ ಮೂಸಿದರು. ಮತ್ತೆ ಮೂಸಿದರು. ಆಮೇಲೆ ತೋಳಿನ ರಾಶಿಯ ಮೇಲೇ ಕುಸಿದು ಕೂತರು.

"ಕುಡಿದಿಲ್ಲ ಕಣೇ," ಅಂದರು ಸೊಸೆಗೆ. "ಇವನು ಕುಡಿದೇ ಇಲ್ಲ."

ಕುಡಿದಿದ್ದರೆ ನಮಗಷ್ಟು ಗಾಬರಿ ಆಗುತ್ತಿರಲಿಲ್ಲ. ಕುಡಿತ ನಮಗೆ ಗೊತ್ತಿರುವ ಶತ್ರು. ಇದು ಯಾವುದು?

ಆಗಲಾದರೂ ಆಸ್ಪತ್ರೆಗೆ ಹೋದರಾ? ಇಲ್ಲ. "ಜನ ಹುಚ್ಚ ಅಂತಾರೆ," ಅಂದರು ದೊಡ್ಡಮ್ಮ. ಕೆಲವು ವಾರದಲ್ಲಿ ಏರಿದ ಮನಸ್ಸು ಇಳಿಯಿತು. ಟೈಲರ್ ಗೋಡೆಗೆ ಮುಖ ಮಾಡಿ ಮಲಗಿದ. ಸ್ನಾನವಿಲ್ಲ, ಮಾತಿಲ್ಲ. "ನಾನಿದ್ದು ಏನು ಪ್ರಯೋಜನ, ಸತ್ತರೆ ನಿಮಗೇ ಆರಾಮ," ಎಂದು ಹೆಂಡತಿಗೆ ಅಂದನಂತೆ. ಆ ಸಂಕಟ ತಡೆಯಲಾರದೆ ಮತ್ತೆ ಬಾಟಲಿ ಹಿಡಿದ. ಈ ಸಲ ಎದ್ದ ಕೂಡಲೇ ಶುರು, ಮಲಗುವ ತನಕ ಅದೇ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಹೇಳಿದರೆ ನಂಬುತ್ತೀರೋ ಇಲ್ಲವೋ, ದೊಡ್ಡಮ್ಮನಿಗೆ ಸ್ವಲ್ಪ ಸಮಾಧಾನವೇ ಆಯಿತು. "ನೋಡಿದ್ರಾ? ಎಲ್ಲದಕ್ಕೂ ಕುಡಿತವೇ ಮೂಲ," ಅಂದರು. ಬಟ್ಟೆ ಗಂಟು ಇಡುವ ಹಿಂದಿನ ಕೋಣೆಗೆ ಮಗನನ್ನು ನೂಕಿ ಬೀಗ ಜಡಿದರು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಲ್ಕು ದಿನ ಒಳಗಿರಲಿ. ಚಟ ತಾನಾಗಿ ಬಿಟ್ಟುಹೋಗುತ್ತೆ."

ಮಾರನೆಯ ದಿನ ಮಾತಿನಮಲ್ಲನಿಗೆ ವಿಷಯ ಗೊತ್ತಾಯಿತು. ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಟೈಲರ್ ಮನೆಗೆ ಓಡಿದ, ಅವನ ಹಿಂದೆ ನಾನೂ ಓಡಿದೆ.

"ಬೀಗ ತೆಗೀರಿ ದೊಡ್ಡಮ್ಮ! ದಿನವಿಡೀ ಕುಡಿಯೋನಿಗೆ ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಜೀವಾನೇ ಹೋಗಬಹುದು. ಆಸ್ಪತ್ರೆಯಲ್ಲೇ ಬಿಡಿಸಬೇಕು."

"ತಲೆಕೂದಲು ಕತ್ತರಿಸೋನಿಗೆ ತಲೆಯೊಳಗಿನ ವಿಷಯ ಯಾಕೋ? ನಿನಗೇನು ಗೊತ್ತು?"

ಮಾತಿನಮಲ್ಲ ಸುಮ್ಮನಾದ. ಅವನು ಸುಮ್ಮನಾದದ್ದನ್ನು ನಾನು ನೋಡಿದ್ದೇ ಅದು ಮೊದಲು.

"ನನಗೂ ಅದೇ ದೊಡ್ಡಮ್ಮ," ಅಂದ ಮೆಲ್ಲಗೆ. "ಕುಡಿತಾನೂ ಇತ್ತು, ಆ ಕಾಯಿಲೆನೂ ಇದೆ. ಎಷ್ಟೋ ವರ್ಷದಿಂದ ಮಾತ್ರೆ ತಗೊಳ್ತಿದ್ದೀನಿ. ನನ್ನಣ್ಣನೂ ನನ್ನ ಹೀಗೇ ಕೂಡಿಹಾಕಿದ್ದ. ಪಕ್ಕದ ಮನೆಯವರು ಬಾಗಿಲು ಒಡೆದದ್ದಕ್ಕೆ ಇವತ್ತು ನಿಮ್ಮ ಮುಂದೆ ನಿಂತಿದ್ದೀನಿ."

ನಮ್ಮ ಬೀದಿಯ ಗಂಡಸರೆಲ್ಲ ಈ ಮನುಷ್ಯನ ಕತ್ತಿಗೆ ನೆಮ್ಮದಿಯಾಗಿ ಕತ್ತು ಕೊಟ್ಟು ಕೂರುತ್ತಾರೆ. ಹೆಂಡತಿ ಮಕ್ಕಳ ಜೊತೆ ಚೆನ್ನಾಗಿ ಸಂಸಾರ ಮಾಡಿಕೊಂಡಿದ್ದಾನೆ. ಅವನಿಗೂ ಅದೇ ಕಾಯಿಲೆಯಾ?

ಅಷ್ಟರಲ್ಲಿ ಒಳಗೆ ಏನೋ ದೊಪ್ಪನೆ ಬಿತ್ತು. ಗಾಬರಿಯಲ್ಲಿ ದೊಡ್ಡಮ್ಮನ ಕೈಗೆ ಬೀಗದ ಕೈ ಸಿಗಲೇ ಇಲ್ಲ. ಸೊಸೆ ಅತ್ತೆಯ ಸೊಂಟದಿಂದ ಅದನ್ನು ಕಿತ್ತುಕೊಂಡು ಬಾಗಿಲು ತೆಗೆದಳು. ಟೈಲರ್ ನೆಲದ ಮೇಲೆ ಬಿದ್ದಿದ್ದ. ಮೈ ಸೆಟೆದಿತ್ತು, ಕೈಕಾಲು ಬಡಿದುಕೊಳ್ಳುತ್ತಿದ್ದವು, ಬಾಯಲ್ಲಿ ನೊರೆ. ದೊಡ್ಡಮ್ಮ ಚಮಚ ತಂದು ಹಲ್ಲಿನ ನಡುವೆ ತುರುಕಲು ಹೋದರು.

"ಬಾಯಿಗೆ ಏನೂ ಹಾಕಬೇಡಿ!" ಎಂದು ಮಾತಿನಮಲ್ಲ ತಡೆದ. ಅದುರುವುದು ಕಡಿಮೆಯಾಗುತ್ತಿದ್ದ ಹಾಗೇ ಅವನನ್ನು ಪಕ್ಕಕ್ಕೆ ಹೊರಳಿಸಿದ. ನಾನು ಬೀದಿಗೆ ಓಡಿ ಗಾಡಿ ನಿಲ್ಲಿಸಿದೆ.

ಜೀವ ಉಳಿಯಿತು. ಇನ್ನೂ ತಡವಾಗಿದ್ದರೆ ಹೇಳಲು ಆಗುತ್ತಿರಲಿಲ್ಲ ಅಂದರು ಡಾಕ್ಟರಮ್ಮ. ದೊಡ್ಡಮ್ಮ ಅವರ ಕೈ ಹಿಡಿದುಕೊಂಡು ಕೇಳಿದರು: "ಮೊದಲು ಯಾವ ಕಾಯಿಲೆ ವಾಸಿ ಮಾಡ್ತೀರಮ್ಮ?"

"ಎರಡಕ್ಕೂ ಒಟ್ಟಿಗೇ ಚಿಕಿತ್ಸೆ, ದೊಡ್ಡಮ್ಮ. ಒಂದನ್ನ ಬಿಟ್ರೆ ಅದು ಇನ್ನೊಂದನ್ನ ಕೈ ಹಿಡಿದು ಕರ್ಕೊಂಡು ಬರುತ್ತೆ."

"ಮತ್ತೆ ಆ ಕೈ ನಡುಕ?"

"ಅದನ್ನ ನೀವು ನನಗೆ ಹೇಳಬೇಕಿತ್ತು. ಅದಕ್ಕೆ ಬೇರೆ ದಾರಿ ಇದೆ."

"ಸಾಕಿದ ಕೈಯಲ್ಲೇ ಮಗನ್ನ ಕೊಲ್ತಿದ್ನಲ್ಲಮ್ಮ," ಎಂದು ದೊಡ್ಡಮ್ಮ ಗೋಳೋ ಎಂದು ಅತ್ತರು. ಸೊಸೆ ಬಂದು ಅವರ ಬೆನ್ನು ಸವರಿದಳು.

ಈಗ ಟೈಲರ್ ಮಾತ್ರೆ ತಪ್ಪಿಸುವುದಿಲ್ಲ. ಪ್ರಮಾಣ ಸರಿಮಾಡಿದ ಮೇಲೆ ಕೈಯೂ ಅಷ್ಟು ನಡುಗುವುದಿಲ್ಲ. ನಡುವೆ ಒಮ್ಮೆ ಜಾರಿ ಕುಡಿದ. ಯಾರೂ ಬೈಯಲಿಲ್ಲ, ಹಂಗಿಸಲಿಲ್ಲ. ಮಾತಿನಮಲ್ಲ ಅವನನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿಬಂದ. ಇಬ್ಬರೂ ಈಗ ಕುಡಿತ ಬಿಟ್ಟವರ ಕೂಟಕ್ಕೆ ಒಟ್ಟಿಗೇ ಹೋಗುತ್ತಾರೆ. ದಾರಿಯುದ್ದಕ್ಕೂ ಮಾತು ಯಾರದ್ದು ಅಂತ ಹೇಳಬೇಕಾಗಿಲ್ಲ.

ಮೊನ್ನೆ ಬೆಳಿಗ್ಗೆ ದೊಡ್ಡಮ್ಮ ನನ್ನ ಅಂಗಡಿ ಮುಂದೆ ಕೂತಿದ್ದರು. ಟೈಲರ್ ರಸ್ತೆ ದಾಟಿ ಬಂದ.

"ಅಮ್ಮಾ, ಎರಡು ದಿನದಿಂದ ನಿದ್ದೆ ಬೇಡ ಅನ್ನಿಸ್ತಿದೆ. ಮನಸ್ಸು ತುಂಬ ಖುಷಿಯಾಗಿದೆ," ಅಂದ. ಆಮೇಲೆ ಸಣ್ಣ ದನಿಯಲ್ಲಿ, "ಭಯ ಆಗ್ತಿದೆ," ಅಂದ.

ಮಗ ಖುಷಿಯಾಗಿದ್ದೇನೆ ಅಂದರೆ ಬೆಚ್ಚಿಬೀಳುವ ತಾಯಿಯನ್ನು ನಾನು ಅವತ್ತೇ ನೋಡಿದ್ದು. ದೊಡ್ಡಮ್ಮ ಒಂದು ಮಾತೂ ಎದುರಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು "ನಡಿ ಮಗನೇ," ಅಂದರು. ಇಬ್ಬರೂ ಆಸ್ಪತ್ರೆಯ ದಾರಿ ಹಿಡಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕುಡಿಯುವವರಿರಬಹುದು. ಬಾಟಲಿಯನ್ನಷ್ಟೇ ನೋಡಬೇಡಿ, ಮನಸ್ಸನ್ನೂ ನೋಡಿ. ನಿದ್ದೆಯಿಲ್ಲದ ಹುರುಪು ಬಂದರೆ, ಹಾಸಿಗೆ ಬಿಟ್ಟೇಳದ ಬೇಸರ ಬಂದರೆ ಡಾಕ್ಟರಿಗೆ ತಿಳಿಸಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ದಿನಾ ಕುಡಿಯುವವರನ್ನು ಕೂಡಿಹಾಕಿ ಕುಡಿತ ಬಿಡಿಸಲು ಹೋಗಬೇಡಿ. ಸಾಯುವ ಮಾತು ಬಂದರಂತೂ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜನ ಏನಂದುಕೊಳ್ಳುತ್ತಾರೋ ಎಂದು ಕಾಯಬೇಡಿ. ಜನ ಎರಡು ದಿನ ಮಾತಾಡಿ ಮರೆಯುತ್ತಾರೆ, ಹೋದ ಜೀವ ತಿರುಗಿ ಬರುವುದಿಲ್ಲ.